ರಿಪೇರಿಯೋ, ಹೊಸದೋ? ಆಕಾಶದಲ್ಲಿ ಕೆಟ್ಟ ಒಂದು ಕ್ಯಾಮೆರಾದ ಚರಿತ್ರೆ

ಈ ವರ್ಷದ ಯುಗಾದಿ ಸಮಾರಂಭದಲ್ಲಿ ಮಕ್ಕಳು ಕೋಲಾಟಕ್ಕೆ ಸಾಲಾಗಿ ನಿಂತ ಹೊತ್ತಿಗೇ ನಮ್ಮ ಸಂಘದ ಕ್ಯಾಮೆರಾ ಕೆಟ್ಟುಹೋಯಿತು. 11 ವರ್ಷಗಳಿಂದ ರಾಜ್ಯೋತ್ಸವ, ದಸರಾ ಗೊಂಬೆ, ಬೇಸಿಗೆಯ ವನಭೋಜನಗಳನ್ನೆಲ್ಲ ಹಿಡಿದಿಟ್ಟ ಕ್ಯಾಮೆರಾ ಅದು. ಇಂದು ಕಾಲೇಜಿಗೆ ಹೋಗುತ್ತಿರುವ ನಮ್ಮ ಮಕ್ಕಳಲ್ಲಿ ಹಲವರು ಮೊದಲ ಸಲ ವೇದಿಕೆ ಹತ್ತಿದ ಚಿತ್ರ ಅದರಿಂದಲೇ ಬಂದದ್ದು. ಪರೀಕ್ಷಿಸಿದವರು ಷಟರ್ ಮುರಿದಿದೆಯೆಂದರು. ಅವರು ಹೇಳಿದ ರಿಪೇರಿಯ ಖರ್ಚು, ಅದೇ ಮಾದರಿಯ ಬಳಸಿದ ಕ್ಯಾಮೆರಾವೊಂದರ ಬೆಲೆಗೆ ಹತ್ತಿರ ಹತ್ತಿರವಿತ್ತು. ಕಾರ್ಯಕಾರಿ ಸಮಿತಿಯಲ್ಲಿ ಎರಡು ಪಕ್ಷಗಳಾದವು. ಖಜಾಂಚಿಗಳು "ಮೂಗಿಗಿಂತ ಮೂಗುತಿ ಭಾರವಾಯಿತಲ್ಲ" ಎಂದರು. ಹಿರಿಯ ಸದಸ್ಯರೊಬ್ಬರು "ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವುದೇ?" ಎಂದು ಕೇಳಿದರು. ಎರಡು ಗಾದೆಗಳೂ ಮೂಗಿನದೇ, ಎರಡೂ ನಿಜವೇ. ಸಭೆ ಯಾವ ತೀರ್ಮಾನಕ್ಕೂ ಬರದೆ ಮುಗಿಯಿತು.

ಆ ರಾತ್ರಿ ಮನೆಗೆ ಹಿಂದಿರುಗುವಾಗ ನಮಗೆ ನೆನಪಾದದ್ದು ಮತ್ತೊಂದು ಕ್ಯಾಮೆರಾ. ನಮ್ಮ ಸದಸ್ಯರಲ್ಲಿ ಅನೇಕರ ಮನೆಗಳಿಂದ ಗಂಟೆಯೊಳಗೆ ತಲುಪಬಹುದಾದ ಎರಡು ಸ್ಥಳಗಳಲ್ಲಿ, ಅಂದರೆ ಗ್ರೀನ್‌ಬೆಲ್ಟ್‌ನ ಗಾಡರ್ಡ್ ಬಾಹ್ಯಾಕಾಶ ಕೇಂದ್ರದಲ್ಲಿಯೂ ಬಾಲ್ಟಿಮೋರ್‌ನ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯಲ್ಲಿಯೂ, ಇದೇ ಪ್ರಶ್ನೆಯನ್ನು ಸುಮಾರು ಎರಡು ದಶಕಗಳ ಕಾಲ ಮತ್ತೆ ಮತ್ತೆ ಚರ್ಚಿಸಲಾಯಿತು. ಕೆಟ್ಟ ಕ್ಯಾಮೆರಾವನ್ನು ರಿಪೇರಿ ಮಾಡಬೇಕೇ, ಬದಲಾಯಿಸಬೇಕೇ, ಇಲ್ಲವೇ ಕೈಬಿಡಬೇಕೇ? ಅಲ್ಲಿ ಪಣಕ್ಕಿದ್ದುದು ಹಣವಷ್ಟೇ ಅಲ್ಲ, ಮನುಷ್ಯರ ಪ್ರಾಣವೂ ಹೌದು. ಹಬಲ್ ಬಾಹ್ಯಾಕಾಶ ದೂರದರ್ಶಕದ ಆ ಕಥೆಯನ್ನು ನಮ್ಮ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಲೆನ್ಸ್ ತಪ್ಪಿದ ಕ್ಯಾಮೆರಾ

ದೂರದರ್ಶಕವೆಂದರೆ ಕಣ್ಣಿಟ್ಟು ನೋಡುವ ಕೊಳವೆಯೆಂಬ ಕಲ್ಪನೆ ನಮ್ಮಲ್ಲಿ ಉಳಿದಿದೆ. ಹಬಲ್‌ನಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಅದೊಂದು ದೊಡ್ಡ ಕ್ಯಾಮೆರಾ. ಲೆನ್ಸಿನ ಸ್ಥಾನದಲ್ಲಿ 2.4 ಮೀಟರ್ ವ್ಯಾಸದ ಕನ್ನಡಿ; ಫಿಲ್ಮಿನ ಸ್ಥಾನದಲ್ಲಿ, ಹಿಂಭಾಗದಲ್ಲಿ ಜೋಡಿಸಿದ ಹಲವು ಉಪಕರಣಗಳು. ಅವುಗಳಲ್ಲಿ ಮುಖ್ಯವಾದುದು 'ವೈಡ್ ಫೀಲ್ಡ್ ಅಂಡ್ ಪ್ಲಾನೆಟರಿ ಕ್ಯಾಮೆರಾ'. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ವಿಜ್ಞಾನಿಗಳು ಅದನ್ನು ಪ್ರೀತಿಯಿಂದ 'ವಿಫ್‌ಪಿಕ್' ಎನ್ನುತ್ತಿದ್ದರು.

1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯು ಹಬಲ್ ಅನ್ನು ಹೊತ್ತು ಮೇಲೇರಿತು. ಮರುದಿನ ಅದನ್ನು ಭೂಮಿಯಿಂದ ಸುಮಾರು 600 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಬಿಡಲಾಯಿತು. ಅದಕ್ಕಾಗಿ ಅಷ್ಟರಲ್ಲಿ ಸುಮಾರು 150 ಕೋಟಿ ಡಾಲರ್ ವೆಚ್ಚವಾಗಿತ್ತು. ಕೆಲವೇ ವಾರಗಳಲ್ಲಿ ಸಂಭ್ರಮ ಕರಗಿತು. ನಕ್ಷತ್ರದ ಬೆಳಕಿನಲ್ಲಿ ಶೇ. 70ರಷ್ಟು ಒಂದು ಸಣ್ಣ ಬಿಂದುವಿನಲ್ಲಿ ಸೇರಬೇಕಿತ್ತು, ಸೇರಿದ್ದು ಶೇ. 15ರಷ್ಟು ಮಾತ್ರ. ಉಳಿದ ಬೆಳಕು ಸುತ್ತಲೂ ಮಂಜಿನಂತೆ ಹರಡಿಕೊಂಡಿತ್ತು. ಜೂನ್ 27ರಂದು ನಾಸಾ ಸಂಸ್ಥೆ ಸತ್ಯವನ್ನು ಸಾರ್ವಜನಿಕರ ಮುಂದಿಟ್ಟಿತು: ಮುಖ್ಯ ಕನ್ನಡಿಯ ಆಕಾರವೇ ತಪ್ಪಾಗಿತ್ತು.

ಎಷ್ಟು ತಪ್ಪು? ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ನಮ್ಮ ತಲೆಗೂದಲಿನ ದಪ್ಪವನ್ನು 50 ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಎನ್ನಬಹುದು. ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಕನ್ನಡಿಯನ್ನು ಉಜ್ಜಿ ಹದಗೊಳಿಸುವಾಗ ಅದರ ಆಕಾರವನ್ನು ಅಳೆಯಲು ಬಳಸಿದ ಸಾಧನದೊಳಗಿನ ಒಂದು ಚಿಕ್ಕ ಲೆನ್ಸು 1.3 ಮಿಲಿಮೀಟರ್ ಸರಿದು ಕುಳಿತಿತ್ತು. ಅಳತೆಗೋಲೇ ಡೊಂಕಾದ ಕಾರಣ, ಕುಶಲಕರ್ಮಿಗಳು ಅತ್ಯಂತ ಶ್ರದ್ಧೆಯಿಂದ, ಅತ್ಯಂತ ನಯವಾಗಿ, ತಪ್ಪು ಆಕಾರವನ್ನೇ ಕಡೆದಿಟ್ಟರು. ಲ್ಯೂ ಆಲೆನ್ ಅವರ ನೇತೃತ್ವದ ತನಿಖಾ ಮಂಡಳಿ ಇನ್ನೊಂದು ಸಂಗತಿಯನ್ನೂ ಬಯಲಿಗೆಳೆಯಿತು. ಬೇರೆ ಸರಳ ಸಾಧನಗಳಿಂದ ಮಾಡಿದ ಪರೀಕ್ಷೆಗಳು ಆಗಲೇ ದೋಷದ ಸುಳಿವು ಕೊಟ್ಟಿದ್ದವು. ಆದರೆ ಆ ಸಾಧನಗಳು ಅಷ್ಟು ಸೂಕ್ಷ್ಮವಲ್ಲವೆಂದು ಅವುಗಳ ಮಾತನ್ನು ತಳ್ಳಿಹಾಕಲಾಗಿತ್ತು.

ಇಲ್ಲಿ ವಿಪರ್ಯಾಸವೊಂದಿದೆ. ಹಬಲ್‌ಗಾಗಿ ಎರಡನೆಯ ಕನ್ನಡಿಯೊಂದು ಸಿದ್ಧವಾಗಿತ್ತು. ಮೊದಲನೆಯದಕ್ಕೆ ಏನಾದರೂ ಆದರೆ ಇರಲೆಂದು ಅದನ್ನು ಈಸ್ಟ್‌ಮನ್ ಕೊಡಕ್ ಕಂಪನಿ ತಯಾರಿಸಿತ್ತು. ಜನಸಾಮಾನ್ಯರ ಕೈಗೆ ಕ್ಯಾಮೆರಾ ಕೊಟ್ಟ ಕಂಪನಿಯ ಆ ಕನ್ನಡಿಯಲ್ಲಿ ಈ ದೋಷವಿರಲಿಲ್ಲ. ಆಕಾಶಕ್ಕೆ ಹೋದದ್ದು ದೋಷದ ಕನ್ನಡಿ. ಸರಿಯಾದುದು ನೆಲದ ಮೇಲೆಯೇ ಉಳಿಯಿತು.

ಮುಂದಿದ್ದ ದಾರಿಗಳು

ಹಬಲ್‌ನ ಹೆಸರು ಪತ್ರಿಕೆಗಳ ವ್ಯಂಗ್ಯಚಿತ್ರಗಳಿಗೂ ರಾತ್ರಿಯ ಹಾಸ್ಯ ಕಾರ್ಯಕ್ರಮಗಳಿಗೂ ವಸ್ತುವಾಯಿತು. ಅದೇ ವೇಳೆಗೆ ಬಾಲ್ಟಿಮೋರ್‌ನ ಸಂಸ್ಥೆಯ ನಿರ್ದೇಶಕರಾಗಿದ್ದ ರಿಕಾರ್ಡೊ ಜಕೋನಿ ಅವರು ತಜ್ಞರ ತಂಡವೊಂದನ್ನು ಕೂಡಿಸಿ, ಸಾಧ್ಯವಿರುವ ಎಲ್ಲ ಉಪಾಯಗಳನ್ನೂ ಮೇಜಿನ ಮೇಲಿಡುವಂತೆ ಕೇಳಿದರು.

ಮೊದಲ ದಾರಿ, ದೂರದರ್ಶಕವನ್ನು ಭೂಮಿಗೆ ತಂದು ಕನ್ನಡಿಯನ್ನೇ ಬದಲಾಯಿಸುವುದು. ಕೇಳಲು ಸಹಜವಾದ ಮಾತು. ಆದರೆ ಇಳಿಯುವಾಗಿನ ಅಲುಗಾಟ, ನೆಲದ ಧೂಳು, ವರ್ಷಗಟ್ಟಲೆಯ ಕೆಲಸ, ಮತ್ತೊಂದು ಉಡಾವಣೆಯ ಖರ್ಚು ಇವನ್ನೆಲ್ಲ ಲೆಕ್ಕ ಹಾಕಿದಾಗ, ಒಮ್ಮೆ ಕೆಳಗಿಳಿದ ಹಬಲ್ ಮತ್ತೆ ಮೇಲೇರುವುದೇ ಇಲ್ಲವೆಂಬ ಭಯ ಎಲ್ಲರಿಗೂ ಇತ್ತು. ಎರಡನೆಯ ದಾರಿ, ಮಸುಕಾದ ಚಿತ್ರಗಳನ್ನು ಗಣಕಯಂತ್ರದ ಲೆಕ್ಕಾಚಾರದಿಂದ ಆದಷ್ಟು ತಿದ್ದಿಕೊಂಡು ಇದ್ದುದರಲ್ಲೇ ಸಾಗುವುದು. ಮೂರನೆಯದು, ಕಕ್ಷೆಯಲ್ಲಿಯೇ ರಿಪೇರಿ.

ಕನ್ನಡಿಯನ್ನು ಆಕಾಶದಲ್ಲಿ ಬದಲಾಯಿಸುವುದು ಅಸಾಧ್ಯವಾಗಿತ್ತು. ಆದರೆ ಅದರ ತಪ್ಪಿನಲ್ಲಿ ಒಂದು ಗುಣವಿತ್ತು: ಅದು ಅಚ್ಚುಕಟ್ಟಾದ ತಪ್ಪು. ಎಷ್ಟು, ಎಲ್ಲಿ, ಯಾವ ದಿಕ್ಕಿನಲ್ಲಿ ಎಂಬುದು ನಿಖರವಾಗಿ ತಿಳಿದಿದ್ದುದರಿಂದ, ಅದಕ್ಕೆ ಸರಿಯಾಗಿ ವಿರುದ್ಧವಾದ ತಪ್ಪನ್ನು ಮುಂದಿನ ಚಿಕ್ಕ ಕನ್ನಡಿಗಳಲ್ಲಿ ಬೇಕೆಂದೇ ಮಾಡಿದರೆ ಎರಡೂ ಸೇರಿ ಚಿತ್ರ ಸ್ಪಷ್ಟವಾಗುತ್ತಿತ್ತು. ಕಣ್ಣಿನ ದೋಷಕ್ಕೆ ಕಣ್ಣನ್ನು ಬದಲಾಯಿಸದೆ ಕನ್ನಡಕ ಹಾಕುವ ಕ್ರಮವೇ ಇದು.

ಈ ಕನ್ನಡಕವನ್ನು ಹಾಕಲು ಎಡೆ ಸಿಕ್ಕಿದ್ದು, ಹಬಲ್ ಅನ್ನು ಕಟ್ಟಿದವರು ಬಹು ಹಿಂದೆಯೇ ಮಾಡಿಟ್ಟ ಒಂದು ನಿರ್ಧಾರದಿಂದ. ಅದನ್ನು ಮೊದಲಿನಿಂದಲೂ ಗಗನಯಾತ್ರಿಗಳು ಬಂದು ದುರಸ್ತಿ ಮಾಡಬಹುದಾದ ಯಂತ್ರವಾಗಿ ರೂಪಿಸಲಾಗಿತ್ತು. ಮೈಮೇಲೆಲ್ಲ ಹಳದಿ ಬಣ್ಣದ ಹಿಡಿಕೆಗಳು, ಕಾಲು ಊರಲು ನೆಲೆಗಳು, ಕೈಗವಸು ತೊಟ್ಟ ಕೈಯಿಂದ ತೆರೆಯಬಹುದಾದ ಬಾಗಿಲುಗಳು ಇದ್ದವು. ಉಪಕರಣಗಳನ್ನು ಬೀರುವಿನ ಸೆಳೆಖಾನೆಯಂತೆ ಹೊರಗೆಳೆದು ಹೊಸದನ್ನು ತಳ್ಳಬಹುದಿತ್ತು. ಅದಕ್ಕಿಂತ ಮುಖ್ಯವಾಗಿ, ವಿಫ್‌ಪಿಕ್ ಕ್ಯಾಮೆರಾಕ್ಕೆ ಬದಲಿಯೊಂದನ್ನು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಉಡಾವಣೆಗೂ ಮೊದಲೇ ಕಟ್ಟಲು ತೊಡಗಿದ್ದರು. ಕೆಡುವ ಮೊದಲೇ ಬದಲಿಗೆ ಕೈಹಾಕಿದ್ದರಿಂದ, ಕನ್ನಡಿಯ ದೋಷ ತಿಳಿದಾಗ ಎರಡನೆಯ ವಿಫ್‌ಪಿಕ್‌ನ ಒಳಗನ್ನಡಿಗಳಿಗೆ ಬೇಕಾದ ತಿದ್ದುಪಡಿಯನ್ನು ಸೇರಿಸುವುದು ಸಾಧ್ಯವಾಯಿತು.

ಉಳಿದ ಉಪಕರಣಗಳಿಗೆ 'ಕೋಸ್ಟಾರ್' ಎಂಬ ಪೆಟ್ಟಿಗೆಯನ್ನು ರೂಪಿಸಿದರು. ಅದರೊಳಗಿನ ತೋಳುಗಳು ಹೊರಚಾಚಿ, ನಾಣ್ಯದಷ್ಟು ಚಿಕ್ಕ ಕನ್ನಡಿಗಳನ್ನು ಬೆಳಕಿನ ದಾರಿಯಲ್ಲಿ ಹಿಡಿಯಬೇಕಿತ್ತು. ಅಂಥ ತೋಳಿನ ಯೋಚನೆ ಎಂಜಿನಿಯರ್ ಜೇಮ್ಸ್ ಕ್ರಾಕರ್ ಅವರಿಗೆ ಹೊಳೆದದ್ದು ಜರ್ಮನಿಯ ಹೋಟೆಲೊಂದರ ಸ್ನಾನದ ಕೋಣೆಯಲ್ಲಿ, ಕಂಬಿಯ ಮೇಲೆ ಏರಿಳಿಸಬಹುದಾದ ಷವರನ್ನು ನೋಡಿದಾಗ. ಆದರೆ ಕೋಸ್ಟಾರ್ ಅನ್ನು ಇಡಲು ಜಾಗ ಬೇಕಲ್ಲ? ಹಿಂಭಾಗದ ನಾಲ್ಕು ಸ್ಥಾನಗಳಲ್ಲಿ ಒಂದನ್ನು ತೆರವು ಮಾಡಲೇಬೇಕಾಯಿತು. ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ದುಡಿದು ಕಟ್ಟಿದ ಪ್ರಕಾಶಮಾಪಕವನ್ನು ಬಲಿಕೊಟ್ಟರು. ಇತರ ಮೂರು ಉಪಕರಣಗಳು ಉಳಿಯಲೆಂದು ಒಂದು ಹೊರಬಿತ್ತು. ರಿಪೇರಿಯ ಕಥೆ ಹೇಳುವಾಗ ಈ ನಷ್ಟವನ್ನು ನಾವು ಮರೆಯಬಾರದು.

1993ರ ಡಿಸೆಂಬರ್

1993ರ ಡಿಸೆಂಬರ್ 2ರಂದು ಎಂಡೆವರ್ ನೌಕೆ ಏಳು ಜನರೊಂದಿಗೆ ಹೊರಟಿತು. ಸ್ಟೋರಿ ಮಸ್‌ಗ್ರೇವ್, ಜೆಫ್ರಿ ಹಾಫ್‌ಮನ್, ಕ್ಯಾಥರಿನ್ ಥಾರ್ನ್‌ಟನ್, ಟಾಮ್ ಏಕರ್ಸ್ ಈ ನಾಲ್ವರು ಇಬ್ಬಿಬ್ಬರಾಗಿ, ಸರದಿಯ ಮೇಲೆ, ಐದು ಬಾರಿ ನೌಕೆಯಿಂದ ಹೊರಬಂದು ಒಟ್ಟು 35 ಗಂಟೆಗಳಿಗೂ ಹೆಚ್ಚು ಕಾಲ ಶೂನ್ಯದಲ್ಲಿ ತೇಲುತ್ತ ಕೆಲಸ ಮಾಡಿದರು. ಮೂರನೆಯ ನಡಿಗೆಯಲ್ಲಿ ಮಸ್‌ಗ್ರೇವ್ ಮತ್ತು ಹಾಫ್‌ಮನ್ ಹಳೆಯ ವಿಫ್‌ಪಿಕ್ ಅನ್ನು ಹೊರಗೆಳೆದು ಹೊಸದನ್ನು ಒಳಗೆ ಸೇರಿಸಿದರು. ಹೊಸ ಕ್ಯಾಮೆರಾ ನೆಲದ ಮೇಲಾದರೆ ಸುಮಾರು 280 ಕಿಲೋ ತೂಗುತ್ತಿತ್ತು. ಅದರ ತುದಿಯಲ್ಲಿ ಚಾಚಿಕೊಂಡ ಚಿಕ್ಕ ಕನ್ನಡಿಗೆ ಬೆರಳು ತಗುಲಿದ್ದರೂ ಮೂರು ವರ್ಷಗಳ ಶ್ರಮ ವ್ಯರ್ಥವಾಗುತ್ತಿತ್ತು. ಮರುದಿನ ಥಾರ್ನ್‌ಟನ್ ಮತ್ತು ಏಕರ್ಸ್ ಕೋಸ್ಟಾರ್ ಅನ್ನು ಕೂರಿಸಿದರು.

1994ರ ಜನವರಿ 13ರಂದು ಗಾಡರ್ಡ್ ಕೇಂದ್ರದಲ್ಲಿ ಹೊಸ ಚಿತ್ರಗಳು ಬಿಡುಗಡೆಯಾದವು. ಎಂ-100 ಎಂಬ ಗೆಲಾಕ್ಸಿಯ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ತೋರಿಸಲಾಯಿತು: ಮೊದಲಿನದು ಕಲಕಿದ ನೀರಿನಲ್ಲಿ ಕಂಡ ರಂಗೋಲಿಯಂತೆ, ಎರಡನೆಯದು ಒಂದೊಂದು ಎಳೆಯೂ ಎಣಿಸುವಂತೆ. ಮೇರಿಲ್ಯಾಂಡಿನ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಅವರೇ ಆ ಚಿತ್ರಗಳನ್ನು ಕೈಯಲ್ಲಿ ಎತ್ತಿ ಹಿಡಿದು, ಹಬಲ್‌ನ ಕಷ್ಟ ಕಳೆಯಿತೆಂದು ಸಾರಿದರು. ದೋಷ ಬಯಲಾದಾಗ ನಾಸಾವನ್ನು ಕಟುವಾಗಿ ಪ್ರಶ್ನಿಸಿದವರೂ ಅವರೇ ಆಗಿದ್ದರು.

ಆ ಎರಡನೆಯ ವಿಫ್‌ಪಿಕ್ ನಮಗೆ ಕೊಟ್ಟ ಚಿತ್ರಗಳನ್ನು ನಮ್ಮ ಮಕ್ಕಳು ಶಾಲೆಯ ಪಠ್ಯಪುಸ್ತಕಗಳಲ್ಲಿ ನೋಡಿಯೇ ಇರುತ್ತಾರೆ. 1995ರಲ್ಲಿ ತೆಗೆದ, ನಕ್ಷತ್ರಗಳು ಹುಟ್ಟುವ ಧೂಳಿನ 'ಸೃಷ್ಟಿ ಸ್ತಂಭಗಳು' ಅದರದೇ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಏನೂ ಇಲ್ಲವೆಂಬಂತೆ ತೋರುತ್ತಿದ್ದ ಆಕಾಶದ ಒಂದು ಚೂರಿನತ್ತ ಹತ್ತು ದಿನ ಎವೆಯಿಕ್ಕದೆ ನೋಡಿ, 342 ಬಾರಿ ಚಿತ್ರ ತೆಗೆದು, ಸುಮಾರು 3000 ಗೆಲಾಕ್ಸಿಗಳನ್ನು ತೋರಿಸಿದ್ದೂ ಅದೇ ಕ್ಯಾಮೆರಾ. 1990ರಲ್ಲಿ ಹಬಲ್ ಅನ್ನು ಕೈಬಿಟ್ಟಿದ್ದರೆ ಇವಾವುವೂ ನಮ್ಮ ಪಾಲಿಗೆ ಇರುತ್ತಿರಲಿಲ್ಲ.

ಏಳು ಜನರ ಸಾವು, ಒಂದು ನಿರಾಕರಣೆ

1997, 1999 ಮತ್ತು 2002ರಲ್ಲಿ ಗಗನಯಾತ್ರಿಗಳು ಮತ್ತೆ ಮತ್ತೆ ಹೋಗಿ ಬಂದರು. 2002ರಲ್ಲಿ 'ಅಡ್ವಾನ್ಸ್‌ಡ್ ಕ್ಯಾಮೆರಾ ಫಾರ್ ಸರ್ವೇಸ್' ಎಂಬ ಇನ್ನೂ ಸಮರ್ಥವಾದ ಕ್ಯಾಮೆರಾವನ್ನು ಕೂರಿಸಿದರು. ಇನ್ನೊಂದು ಭೇಟಿ ಬಾಕಿಯಿತ್ತು.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದು ಚೂರಾಯಿತು. ಏಳು ಜನ ಗಗನಯಾತ್ರಿಗಳು ಮಡಿದರು. ಅವರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಇದ್ದರು. ಆ ಶನಿವಾರದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಆವರಿಸಿದ ಮೌನವನ್ನು ಆಗ ಈ ದೇಶದಲ್ಲಿದ್ದ ಸದಸ್ಯರು ಮರೆತಿರಲಾರರು.

2004ರ ಜನವರಿ 16ರಂದು ನಾಸಾದ ಅಂದಿನ ಮುಖ್ಯಸ್ಥ ಶಾನ್ ಓಕೀಫ್ ಅವರು ಹಬಲ್‌ಗೆ ಇನ್ನು ಯಾರನ್ನೂ ಕಳುಹಿಸುವುದಿಲ್ಲವೆಂದು ಘೋಷಿಸಿದರು. ಅವರ ಕಾರಣ ಹಗುರವಾದುದಾಗಿರಲಿಲ್ಲ. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ನೌಕೆಗೆ ಪೆಟ್ಟಾದರೆ ಅದರಲ್ಲಿದ್ದವರು ನಿಲ್ದಾಣದಲ್ಲಿ ಆಶ್ರಯ ಪಡೆಯಬಹುದು. ಹಬಲ್ ಸುತ್ತುವ ಕಕ್ಷೆಯ ಓರೆಯೇ ಬೇರೆ. ಅಲ್ಲಿಂದ ನಿಲ್ದಾಣಕ್ಕೆ ಹಾರುವಷ್ಟು ಇಂಧನ ನೌಕೆಯಲ್ಲಿರುವುದಿಲ್ಲ. ಒಂದು ಕ್ಯಾಮೆರಾಕ್ಕಾಗಿ ಮತ್ತೆ ಏಳು ಜೀವಗಳನ್ನು ಪಣಕ್ಕಿಡಬಹುದೇ ಎಂಬುದು ಅವರ ಪ್ರಶ್ನೆ. ಇಂದು ಹಬಲ್‌ನ ಚಿತ್ರಗಳನ್ನು ನೋಡಿ ಅವರನ್ನು ಹಳಿಯುವುದು ಸುಲಭ. ಆದರೆ ವರ್ಷ ತುಂಬುವ ಮೊದಲು ಏಳು ಕುಟುಂಬಗಳಿಗೆ ಸಾಂತ್ವನ ಹೇಳಬೇಕಾಗಿ ಬಂದವರ ನಿರ್ಧಾರ ಅದು ಎಂಬುದನ್ನೂ ನೆನೆಯಬೇಕು.

ವಿಜ್ಞಾನಿಗಳಿಂದ, ಜನಪ್ರತಿನಿಧಿಗಳಿಂದ, ಸಾಮಾನ್ಯ ಜನರಿಂದ ವಿರೋಧ ಹರಿದುಬಂತು. ಮನುಷ್ಯರ ಬದಲು ಯಂತ್ರಮಾನವನನ್ನು ಕಳುಹಿಸಬಹುದೇ ಎಂದು ನಾಸಾ ಆಲೋಚಿಸಿತು. ಕೆನಡಾದಲ್ಲಿ ಕಟ್ಟಿದ ಎರಡು ತೋಳುಗಳ ಯಂತ್ರವೊಂದರ ಹೆಸರೂ ಕೇಳಿಬಂತು. 2004ರ ಡಿಸೆಂಬರ್‌ನಲ್ಲಿ ಲೂಯಿ ಲ್ಯಾಂಜರಾಟಿ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ, ಯಂತ್ರಮಾನವನಿಂದ ಈ ಕೆಲಸ ಸಕಾಲದಲ್ಲಿ ಆಗುವುದು ಅನುಮಾನವೆಂದೂ ಗಗನಯಾತ್ರಿಗಳೇ ಹೋಗುವುದು ಉಚಿತವೆಂದೂ ವರದಿ ನೀಡಿತು. ಮುಂದಿನ ಮುಖ್ಯಸ್ಥ ಮೈಕಲ್ ಗ್ರಿಫಿನ್ ಅವರು 2006ರ ಅಕ್ಟೋಬರ್ 31ರಂದು, ಗಾಡರ್ಡ್ ಕೇಂದ್ರದಲ್ಲಿಯೇ, ಕೊನೆಯ ಭೇಟಿಗೆ ಒಪ್ಪಿಗೆ ಕೊಟ್ಟರು. ಒಂದು ವ್ಯವಸ್ಥೆಯೂ ಜೊತೆಗೂಡಿತು: ಹಬಲ್‌ಗೆ ಹೋದ ನೌಕೆಗೆ ಅಪಾಯವಾದರೆ ತಕ್ಷಣ ಹಾರಲು ಎರಡನೆಯ ನೌಕೆಯೊಂದು ಉಡಾವಣಾ ವೇದಿಕೆಯಲ್ಲಿ ಸಿದ್ಧವಾಗಿ ನಿಂತಿರಬೇಕು.

ಒಂದೇ ಯಾತ್ರೆ, ಎರಡು ಉತ್ತರ

ಒಪ್ಪಿಗೆ ಸಿಕ್ಕ ಮೂರೇ ತಿಂಗಳಲ್ಲಿ, 2007ರ ಜನವರಿಯಲ್ಲಿ, 2002ರ ಹೊಸ ಕ್ಯಾಮೆರಾ ವಿದ್ಯುತ್ ದೋಷದಿಂದ ನಿಂತುಹೋಯಿತು. 2008ರ ಸೆಪ್ಟೆಂಬರ್‌ನಲ್ಲಿ, ಉಡಾವಣೆಗೆ ವಾರಗಳಷ್ಟೇ ಉಳಿದಿದ್ದಾಗ, ಚಿತ್ರಗಳನ್ನು ಭೂಮಿಗೆ ಕಳುಹಿಸುವ ಘಟಕವೊಂದು ಕೆಟ್ಟಿತು. ನೆಲದ ಮೇಲೆ ಜೋಪಾನವಾಗಿಟ್ಟಿದ್ದ ಅದರ ಬದಲಿಯನ್ನು ಪರೀಕ್ಷಿಸಿ ಸಿದ್ಧಗೊಳಿಸಲು ಯಾತ್ರೆಯನ್ನೇ ಮುಂದೂಡಿದರು. 2009ರ ಮೇ 11ರಂದು ಅಟ್ಲಾಂಟಿಸ್ ಹೊರಟಿತು. ಪಕ್ಕದ ವೇದಿಕೆಯಲ್ಲಿ ಎಂಡೆವರ್ ಕಾದು ನಿಂತಿತ್ತು.

ನಮ್ಮ ಸಮಿತಿಯ ಸಭೆಯಲ್ಲಿ ಎದ್ದ ಎರಡೂ ವಾದಗಳಿಗೆ ಆ ಒಂದೇ ಯಾತ್ರೆಯಲ್ಲಿ ಸ್ಥಾನ ಸಿಕ್ಕಿತು.

15 ವರ್ಷ ದುಡಿದ ಎರಡನೆಯ ವಿಫ್‌ಪಿಕ್ ಅನ್ನು ಬದಲಾಯಿಸುವುದೆಂದು ತೀರ್ಮಾನವಾಗಿತ್ತು. ಮೇ 14ರಂದು ಜಾನ್ ಗ್ರನ್ಸ್‌ಫೆಲ್ಡ್ ಮತ್ತು ಆಂಡ್ರ್ಯೂ ಫ್ಯೂಸ್ಟಲ್ ಅದನ್ನು ಬಿಚ್ಚಲು ಹೋದರೆ, ಹಿಡಿದಿದ್ದ ಬೋಲ್ಟ್ ಅಲುಗಲಿಲ್ಲ. ಹೆಚ್ಚು ಬಲ ಹಾಕಿ ಅದು ಮುರಿದರೆ ಹಳೆಯ ಕ್ಯಾಮೆರಾ ಶಾಶ್ವತವಾಗಿ ಅಲ್ಲಿಯೇ ಉಳಿಯುತ್ತಿತ್ತು. ಹೊಸದು ಪೆಟ್ಟಿಗೆಯಲ್ಲಿಯೇ ಭೂಮಿಗೆ ಮರಳುತ್ತಿತ್ತು. ನೆಲದಿಂದ ಅನುಮತಿ ಪಡೆದು, ಬಲವನ್ನು ಮಿತಿಗೊಳಿಸುವ ಸಾಧನವನ್ನು ತೆಗೆದಿಟ್ಟು, ಫ್ಯೂಸ್ಟಲ್ ಕೈಯಿಂದಲೇ ತಿರುಗಿಸಿದರು. ಬೋಲ್ಟ್ ಸಡಿಲಿತು. ತುಕ್ಕು ಹಿಡಿದ ಕೊಳಾಯಿಯ ಮುಂದೆ ಕುಳಿತು ನಾವೆಲ್ಲರೂ ಅನುಭವಿಸಿರುವ ಆ ಕ್ಷಣ, ಅಲ್ಲಿ ಅಷ್ಟು ದೊಡ್ಡ ಬೆಲೆಯದಾಗಿತ್ತು.

ಆ ಜಾಗಕ್ಕೆ ಬಂದ ಹೊಸ 'ವೈಡ್ ಫೀಲ್ಡ್ ಕ್ಯಾಮೆರಾ-3' ಪೂರ್ತಿ ಹೊಸದಾಗಿರಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಸಂಗತಿ. 1993ರಲ್ಲಿ ಭೂಮಿಗೆ ತಂದಿದ್ದ ಮೊದಲ ವಿಫ್‌ಪಿಕ್ ಅನ್ನು ಯಾರೂ ಗುಜರಿಗೆ ಹಾಕಿರಲಿಲ್ಲ. ಅದರ ಹೊರಕವಚವನ್ನೂ ಬಣ್ಣದ ಶೋಧಕಗಳನ್ನು ತಿರುಗಿಸುವ ಯಂತ್ರಭಾಗವನ್ನೂ ಹದಗೊಳಿಸಿ ಹೊಸ ಕ್ಯಾಮೆರಾಕ್ಕೆ ಬಳಸಿದ್ದರು. ಮಸುಕಾದ ಚಿತ್ರಗಳಿಗಾಗಿ ಲೋಕದ ನಗೆಗೆ ಗುರಿಯಾಗಿದ್ದ ಕ್ಯಾಮೆರಾದ ಮೈ, 16 ವರ್ಷಗಳ ಬಳಿಕ, ಹೊಸ ಕಣ್ಣುಗಳೊಂದಿಗೆ ತನ್ನ ಹಳೆಯ ಸ್ಥಾನಕ್ಕೇ ಮರಳಿತು. ಅದನ್ನು ರಿಪೇರಿ ಎನ್ನೋಣವೇ, ಬದಲಾವಣೆ ಎನ್ನೋಣವೇ?

ಎರಡು ದಿನಗಳ ನಂತರ, ಮೇ 16ರಂದು, ಅದೇ ಇಬ್ಬರು ಕೆಟ್ಟುನಿಂತ ಇನ್ನೊಂದು ಕ್ಯಾಮೆರಾವನ್ನು ರಿಪೇರಿ ಮಾಡಲು ಹೊರಟರು. ಈ ಕೆಲಸ ಸಂಪೂರ್ಣ ಬೇರೆ ಬಗೆಯದು. ಇಡೀ ಉಪಕರಣವನ್ನು ಹೊರಗೆಳೆಯಲು ಹಬಲ್‌ನಲ್ಲಿ ಏರ್ಪಾಡಿತ್ತೇ ಹೊರತು, ಉಪಕರಣದ ಹೊಟ್ಟೆ ಬಗೆದು ಒಳಗಿನ ಹಲಗೆಗಳನ್ನು ಬದಲಾಯಿಸುವ ಏರ್ಪಾಡು ಇರಲಿಲ್ಲ. ಮುಚ್ಚಳಕ್ಕೆ 32 ಚಿಕ್ಕ ಸ್ಕ್ರೂಗಳು. ಒಂದು ಕೈತಪ್ಪಿದರೂ ಅದು ತೇಲಿಹೋಗಿ ಒಳಗೆಲ್ಲೋ ಸಿಕ್ಕಿಕೊಳ್ಳಬಹುದು. ಆದ್ದರಿಂದ ಗಾಡರ್ಡ್‌ನ ತಂತ್ರಜ್ಞರು, ಬಿಚ್ಚಿದ ಸ್ಕ್ರೂಗಳು ಹೊರಗೆ ಹಾರದಂತೆ ಹಿಡಿದಿಡುವ ಫಲಕವನ್ನೂ ಇದಕ್ಕೆಂದೇ ಹೊಸ ಉಪಕರಣಗಳನ್ನೂ ಸಿದ್ಧಪಡಿಸಿದ್ದರು. ನಾಲ್ಕು ವಿದ್ಯುನ್ಮಾನ ಹಲಗೆಗಳನ್ನು ಹೊರತೆಗೆದು ಹೊಸದನ್ನು ಕೂರಿಸಿ, ಹೊಸ ವಿದ್ಯುತ್ ಘಟಕವನ್ನು ಜೋಡಿಸಲಾಯಿತು. ಕ್ಯಾಮೆರಾದ ವಿಶಾಲ ನೋಟದ ವಿಭಾಗ ಮತ್ತೆ ಜೀವ ತಳೆಯಿತು. ಅತಿಸೂಕ್ಷ್ಮ ನೋಟದ ಇನ್ನೊಂದು ವಿಭಾಗ ಏಳಲೇ ಇಲ್ಲ. ರಿಪೇರಿ ಪೂರ್ತಿಯನ್ನು ಮರಳಿಸಲಿಲ್ಲ, ಮುಖ್ಯವಾದುದನ್ನು ಮರಳಿಸಿತು.

ಅದೇ ಯಾತ್ರೆಯಲ್ಲಿ ಕೋಸ್ಟಾರ್ ಕೂಡ ಹೊರಬಂತು. 1993ರ ನಂತರ ಬಂದ ಪ್ರತಿಯೊಂದು ಉಪಕರಣದಲ್ಲಿಯೂ ತಿದ್ದುಪಡಿ ಒಳಗೇ ಸೇರಿದ್ದರಿಂದ ಪ್ರತ್ಯೇಕ ಕನ್ನಡಕದ ಅಗತ್ಯ ಉಳಿದಿರಲಿಲ್ಲ. ಮೇ 19ರಂದು ಹಬಲ್ ಅನ್ನು ಕಕ್ಷೆಗೆ ಬಿಟ್ಟುಕೊಟ್ಟ ಮೇಲೆ ಮನುಷ್ಯರ ಕೈ ಅದನ್ನು ಮುಟ್ಟಿಲ್ಲ. 2011ರಲ್ಲಿ ನೌಕೆಗಳೇ ನಿವೃತ್ತವಾದವು. 2024ರ ಜೂನ್‌ನಿಂದ ಹಬಲ್ ಒಂದೇ ಗೈರೊಸ್ಕೋಪಿನ ಆಧಾರದ ಮೇಲೆ, ಅವಸರವಿಲ್ಲದೆ, ಕೆಲಸ ಮುಂದುವರಿಸಿದೆ. ಅದರ ತಪ್ಪು ಕನ್ನಡಿ ಇಂದಿಗೂ ಅದೇ ತಪ್ಪು ಕನ್ನಡಿಯೇ.

ಕೈ ತಲುಪದ ಕ್ಯಾಮೆರಾಗಳು

ಎಲ್ಲ ಕ್ಯಾಮೆರಾಗಳಿಗೂ ಈ ಭಾಗ್ಯವಿಲ್ಲ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹೋಗಿ ಬೋಲ್ಟ್ ಸಡಿಲಿಸುವವರು ಯಾರೂ ಇಲ್ಲ. ಅದನ್ನು ಕಟ್ಟಿದವರಿಗೆ ಇದು ಮೊದಲೇ ತಿಳಿದಿದ್ದುದರಿಂದ, ವರ್ಷಗಟ್ಟಲೆ ಪರೀಕ್ಷೆಯ ಮೇಲೆ ಪರೀಕ್ಷೆ ನಡೆಸಿ ಕಳುಹಿಸಿದರು.

ನಮ್ಮ ನಾಡಿನದೇ ಒಂದು ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳುತನದಲ್ಲಿ, ಹೊಸಕೋಟೆಯ ಅದರ ಪ್ರಯೋಗಾಲಯದಲ್ಲಿ, ಕೆನಡಾದ ಸಹಕಾರದೊಂದಿಗೆ ಸಿದ್ಧವಾದ ನೇರಳಾತೀತ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಂದಿಗೆ ಶ್ರೀಹರಿಕೋಟದಿಂದ ಮೇಲೇರಿತು. 2018ರಲ್ಲಿ ಅದರ ಒಂದು ವಿಭಾಗ ಕೆಲಸ ನಿಲ್ಲಿಸಿತು. ಹಿಡಿಕೆಗಳಿಲ್ಲ, ಬಾಗಿಲುಗಳಿಲ್ಲ, ಹೋಗಿಬರುವ ನೌಕೆಯಿಲ್ಲ. ರಿಪೇರಿಯೂ ಇಲ್ಲ, ಬದಲಿಯೂ ಇಲ್ಲ. ಹೊಸಕೋಟೆಯವರು ಮಾಡಿದ್ದು ಮೂರನೆಯ ದಾರಿ: ಉಳಿದ ಕಣ್ಣಿನಿಂದ ನೋಡುವುದನ್ನು ಮುಂದುವರಿಸಿದರು. ಐದು ವರ್ಷಕ್ಕೆಂದು ಕಳುಹಿಸಿದ ಉಪಗ್ರಹ ಆ ಅವಧಿಯನ್ನು ದಾಟಿಯೂ ದುಡಿಯಿತು.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ನಮಗೆ ತೋರುವುದಿಷ್ಟು. ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಏಳುವುದು ವಸ್ತು ಕೆಟ್ಟ ದಿನ. ಆದರೆ ಆ ಪ್ರಶ್ನೆಗೆ ಎರಡು ಉತ್ತರಗಳಿರಬೇಕೋ ಒಂದೇ ಇರಬೇಕೋ ಎಂಬುದು ಅದನ್ನು ಕಟ್ಟಿದ ದಿನವೇ ನಿರ್ಧಾರವಾಗಿರುತ್ತದೆ. ಹಬಲ್‌ಗೆ ಬಾಗಿಲಿಟ್ಟವರು ಕನ್ನಡಿ ತಪ್ಪುತ್ತದೆಂದು ಊಹಿಸಿರಲಿಲ್ಲ. ಏನಾದರೊಂದು ಕೆಡುತ್ತದೆಂದು ಮಾತ್ರ ಒಪ್ಪಿಕೊಂಡಿದ್ದರು. ನಮ್ಮ ಅಜ್ಜಿಯರ ಕಾಲದ ಪಾತ್ರೆಗಳಿಗೆ ಕಲಾಯಿ ಹಾಕಬಹುದಿತ್ತು, ಕೊಡೆಗೆ ಹೊಸ ಕಡ್ಡಿ ಸೇರಿಸಬಹುದಿತ್ತು. ಅದು ಅವರ ಮಿತವ್ಯಯವಷ್ಟೇ ಅಲ್ಲ, ಮಾಡಿದವನು ಬಿಟ್ಟಿದ್ದ ಅವಕಾಶವೂ ಹೌದು. ಇಂದು ಕಾನೂನು ಕೂಡ ಈ ಮಾತನ್ನು ಆಡತೊಡಗಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, 100 ಡಾಲರ್ ಮತ್ತು ಅದಕ್ಕೆ ಮೀರಿದ ಸಗಟು ಬೆಲೆಯ ವಿದ್ಯುನ್ಮಾನ ಸಾಧನಗಳಿಗೆ ತಯಾರಕರು ಏಳು ವರ್ಷಗಳ ಕಾಲ ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಒದಗಿಸಬೇಕು.

ನಮ್ಮ ತೀರ್ಮಾನ

ಸಮಿತಿಯ ಮುಂದಿನ ಸಭೆಯಲ್ಲಿ ಈ ಕಥೆಯನ್ನು ಚಿಕ್ಕದಾಗಿ ಹೇಳಿದೆವು. ಬಳಿಕ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಿಕೊಂಡೆವು: ಕೆಟ್ಟಿರುವುದು ಏನು, ಕೆಡದಿರುವುದು ಏನು? ಹಬಲ್‌ನಲ್ಲಿ ಲೆನ್ಸು ತಪ್ಪಿ ಫಿಲ್ಮು ಸರಿಯಿತ್ತು. ನಮ್ಮದು ತಿರುವುಮುರುವು. ಮೂರು ಲೆನ್ಸುಗಳೂ ನಿರ್ಮಲವಾಗಿದ್ದವು. ಕೆಟ್ಟದ್ದು ಅವುಗಳ ಹಿಂದಿನ ಪೆಟ್ಟಿಗೆ. ಆದ್ದರಿಂದ ಅದೇ ಲೆನ್ಸುಗಳು ಹೊಂದುವ, ಬಳಸಿದ ಪೆಟ್ಟಿಗೆಯೊಂದನ್ನು ಕೊಳ್ಳುವುದೆಂದು ಒಮ್ಮತಕ್ಕೆ ಬಂದೆವು. ಹಳೆಯದನ್ನು ಎಸೆಯಲಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಇಬ್ಬರು ಮಕ್ಕಳು ಅದನ್ನು ಬಿಚ್ಚಿ ನೋಡುತ್ತೇವೆಂದು ಕೇಳಿ ಪಡೆದರು. ಸ್ಕ್ರೂಗಳನ್ನು ಎಣಿಸಿ ಒಂದು ಬಟ್ಟಲಲ್ಲಿಡುವಂತೆ ಹಿರಿಯ ಸದಸ್ಯರು ಅವರಿಗೆ ಹೇಳಿ ಕಳುಹಿಸಿದ್ದಾರೆ.

ವಾಷಿಂಗ್‌ಟನ್‌ನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಎರಡನೆಯ ವಿಫ್‌ಪಿಕ್, ಕೋಸ್ಟಾರ್ ಮತ್ತು ಕೊಡಕ್ ತಯಾರಿಸಿದ ಆ ಸರಿಯಾದ ಕನ್ನಡಿ ಮೂರೂ ಇವೆ. ವಿಫ್‌ಪಿಕ್‌ನ ಹೊರಮೈಗೆ 15 ವರ್ಷಗಳ ಕಾಲ ಬಾಹ್ಯಾಕಾಶದ ಧೂಳು ಬಡಿದು ನೂರಾರು ಚಿಕ್ಕ ಕುಳಿಗಳಾಗಿದ್ದವು. ಬೇಸಿಗೆಯ ರಜೆಯಲ್ಲಿ ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಅಲ್ಲಿಗೆ ಕರೆದೊಯ್ಯುವವರು, ಯಾವುದು ಪ್ರದರ್ಶನದಲ್ಲಿದೆಯೆಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಅಲ್ಲಿ ತೆಗೆದ ಚಿತ್ರಗಳನ್ನು ನಮಗೂ ಕಳುಹಿಸಿಕೊಡಿ. ಯಾವ ಕ್ಯಾಮೆರಾದಲ್ಲಿ ತೆಗೆದಿರೆಂಬುದನ್ನೂ, ಅದು ಎಷ್ಟು ಹಳೆಯದೆಂಬುದನ್ನೂ ಬರೆದು ತಿಳಿಸಿ.